ದೊಡ್ಡಪ್ಪನ ಚೊಕ್ಕ ಕಿವಿ

ಆ ಮನೆಯಲ್ಲಿ ನಲವತ್ತು ದಾಟಿದವರಿಗೆ ಒಬ್ಬೊಬ್ಬರಾಗಿ ಕಿವಿ ಮಂದವಾಗುತ್ತಿತ್ತು. ಮನೆಯವರೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯರು ಮಾತ್ರ ಅದು ವಂಶದ ದೋಷವೆಂದು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ತಮ್ಮನ ಕಿವಿ ಕೆಟ್ಟದ್ದು ಹೆಂಡತಿಯ ವಟವಟದಿಂದ. ತಂಗಿಯದು ಕೊಟ್ಟ ಮನೆಯಲ್ಲಿ ಅಂಟಿಕೊಂಡದ್ದು.

"ಬೇಕಾದ್ರೆ ನನ್ನ ರಕ್ತ ತಗೊಂಡು ನೋಡಮ್ಮ, ಚೊಕ್ಕ ಚಿನ್ನ," ಎಂದು ಸಂಶೋಧಕಿಯ ಮುಂದೆ ತೋಳು ಚಾಚಿದರು.

ಅವಳು ಬಂದದ್ದೂ ಅದಕ್ಕೇ. ಕಿವಿ ಕೇಳದವರೆಲ್ಲರಲ್ಲೂ ಇದ್ದು, ಕೇಳುವವರಲ್ಲಿ ಇಲ್ಲದ ವರ್ಣತಂತುವಿನ ತುಂಡು ಯಾವುದೆಂದು ಪತ್ತೆಯಾದರೆ, ದೋಷ ಅದರೊಳಗೇ ಇರಬೇಕು. ಉಳಿದವರ ಕಿವಿಗಳನ್ನು ಯಂತ್ರವಿಟ್ಟು ಪರೀಕ್ಷಿಸಿದಳು. "ನನಗ್ಯಾಕೆ ಅದೆಲ್ಲ?" ಎಂದ ದೊಡ್ಡಪ್ಪನನ್ನು ಹಿರಿಯರೆಂಬ ಮರ್ಯಾದೆಯಿಂದ ಕೇಳುವವರ ಗುಂಪಿಗೆ ಸೇರಿಸಿದಳು.

ಉದ್ದನೆಯ ತುಂಡೊಂದು ಸಿಕ್ಕಿತು. ಅದರ ಒಂದು ತುದಿ ದೊಡ್ಡಪ್ಪನಲ್ಲೂ ಇತ್ತು. ಕಿವಿ ಕೇಳುವವರಲ್ಲಿ ಇದ್ದಮೇಲೆ ದೋಷ ಅಲ್ಲಿರಲಾರದೆಂದು ಆ ತುದಿಯನ್ನು ಬಿಟ್ಟು, ಮಿಕ್ಕಿದ್ದನ್ನೆಲ್ಲ ವರ್ಷವಿಡೀ ಜಾಲಾಡಿದಳು.

"ಬೆಟ್ಟ ಅಗೆದ್ರೆ ಇಲಿನಾದ್ರೂ ಸಿಗ್ಬೇಕಿತ್ತಲ್ಲ," ಎಂದರು ಪ್ರಯೋಗಾಲಯದ ಮುಖ್ಯಸ್ಥರು.

ಸೋತ ಮುಖ ಹೊತ್ತು ಅವಳು ಮತ್ತೆ ಆ ಮನೆಗೆ ಹೋದಳು. ದೊಡ್ಡಪ್ಪ ಬೆನ್ನು ಹಾಕಿ ಕಿಟಕಿ ಒರೆಸುತ್ತಿದ್ದರು.

"ಲೆಕ್ಕ ಸರಿ ಬರ್ತಿಲ್ಲ, ಸಾರ್."

"ಹೌದಮ್ಮ, ಈಗ ಬಸ್ಸೇ ಸರಿಯಾಗಿ ಬರಲ್ಲ."

ಒಳಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಂಶೋಧಕಿಗೆ ತನ್ನ ತಪ್ಪು ಹೊಳೆಯಿತು. ಆ ಕ್ಷಣವೇ ದೊಡ್ಡಪ್ಪನನ್ನು ಕೂರಿಸಿ, ಕಿವಿಗೆ ಯಂತ್ರ ಸಿಕ್ಕಿಸಿ, ಕಿವಿ ನೆಟ್ಟಗಿರುವವರಿಗೆ ಕೇಳುವ ಸಣ್ಣ ಸದ್ದುಗಳನ್ನೆಲ್ಲ ಕೇಳಿಸಿದಳು. ಪರೀಕ್ಷೆ ಮುಗಿಯಿತು. ದೊಡ್ಡಪ್ಪ ಕೈಕಟ್ಟಿ ಕೂತೇ ಇದ್ದರು.

"ಇನ್ನೂ ಶುರು ಮಾಡ್ಲಿಲ್ವಲ್ಲಮ್ಮ?"

ಅವರು ಕೇಳದವರ ಗುಂಪಿಗೆ ಸೇರಿದೊಡನೆ ಲೆಕ್ಕ ತಲೆಕೆಳಗಾಯಿತು. ಅವಳು ಬಿಟ್ಟಿದ್ದ ಆ ಪುಟ್ಟ ತುದಿಯೇ ಈಗ ಹುಡುಕಬೇಕಾದ ಏಕೈಕ ಜಾಗ. ದೋಷ ಅಲ್ಲೇ ಇತ್ತು, ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರದ ತಪ್ಪು. ಅಷ್ಟು ಕಿರಿದಾದ ಜಾಗಕ್ಕೆ ಗುರಿಯಿಟ್ಟ ಅವಳ ಸೂಕ್ಷ್ಮತೆಯನ್ನು ಸಮ್ಮೇಳನದಲ್ಲಿ ಎಲ್ಲರೂ ಹೊಗಳಿದರು. ಅವಳು ತಲೆ ತಗ್ಗಿಸಿದ್ದನ್ನು ವಿನಯವೆಂದುಕೊಂಡರು.

ಕೊನೆಗೆ ಮನೆಯವರನ್ನೆಲ್ಲ ಸೇರಿಸಿ, ಗಂಟಲು ಹರಿಯುವಂತೆ ವಿವರಿಸಿದಳು: ದೋಷ ಅಣ್ಣ, ತಮ್ಮ, ತಂಗಿ ಮೂವರಿಗೂ ಹೆತ್ತತಾಯಿಯಿಂದಲೇ ಬಂದದ್ದು, ಸೊಸೆಯ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲರೂ ದೊಡ್ಡಪ್ಪನತ್ತ ತಿರುಗಿದರು. ತಮ್ಮನ ಹೆಂಡತಿಯಂತೂ ಇಪ್ಪತ್ತು ವರ್ಷದಿಂದ ಕಾದ ಒಂದು ಮಾತಿಗಾಗಿ ಸೆರಗು ಸರಿಮಾಡಿಕೊಂಡು ಕೂತಳು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ನೋಡಿದ್ರಾ? ಇಷ್ಟು ಜನ ರಕ್ತ ಕೊಟ್ಟರೂ ಸಿಗ್ಲಿಲ್ಲ. ಕೊನೆಗೆ ನಂದೇ ಬೇಕಾಯ್ತು!"

"ಏನಂದೆ ಅಣ್ಣಾ?" ಎಂದ ತಮ್ಮ.

ದೊಡ್ಡಪ್ಪ ಅದನ್ನೇ ಇನ್ನೊಮ್ಮೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.