ರಘುನಾಥರ ಏಳು ಪರ್ಸೆಂಟ್

ವಿಮಾನದ ಎಂಜಿನ್ನಿಗೆ ಬೇಕಾದ ನಿಕ್ಕಲ್ ಮಿಶ್ರಲೋಹಕ್ಕೆ ಮೂರು ಪರ್ಸೆಂಟ್ ರೀನಿಯಂ ಎಂಬ ಲೋಹ ಬೆರೆಸಿದಾಗ, ಅದರ ಸರಳು ಉರಿಯುವ ಕುಲುಮೆಯಲ್ಲಿ ಭಾರ ಹೊತ್ತು ಇನ್ನೂರು ತಾಸು ನಿಂತಿತ್ತು. ಏಳು ಹಾಕಿದರೆ ಇನ್ನೆಷ್ಟು ನಿಲ್ಲಬೇಡ ಎಂಬುದು ಪ್ರೊಫೆಸರ್ ರಘುನಾಥರ ಲೆಕ್ಕ. ಉಪ್ಪು ಹೆಚ್ಚಾದರೆ ಸಾರಿನ ಗತಿ ಏನಾಗುತ್ತದೆಂದು ಅವರು ಒಮ್ಮೆಯೂ ಅಡುಗೆಮನೆಗೆ ಇಣುಕಿ ನೋಡಿದವರಲ್ಲ.

ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಪ್ರಸನ್ನಲಕ್ಷ್ಮಿ ಏಳು ಪರ್ಸೆಂಟಿನ ತುಂಡನ್ನು ವಾರಗಟ್ಟಲೆ ಕಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಲೋಹಕ್ಕೆ ಬಲ ಕೊಡುವ ಪುಟ್ಟ ಚೌಕಗಳ ಸಾಲನ್ನು ಸೀಳಿಕೊಂಡು ಉದ್ದುದ್ದ ಸೂಜಿಗಳು ಬೆಳೆದಿದ್ದವು. ಹೆಚ್ಚಾದ ರೀನಿಯಂ ಒಳಗೆ ಕರಗಿ ಕೂರಲಾರದೆ ಹಾಗೆ ಹೊರಬಿದ್ದಿತ್ತು. ಬಿರುಕು ಹುಟ್ಟುವುದೇ ಅಂಥಲ್ಲಿ. ರಘುನಾಥರು ಅದನ್ನು ಗೀರು ಎಂದರು, ಪಾಲಿಷ್ ಸರಿಯಿಲ್ಲ ಎಂದರು. ಅವಳು ನಾಲ್ಕು ಸಲ ಪಾಲಿಷ್ ಮಾಡಿದಳು. ನಾಲ್ಕು ಸಲವೂ ಸೂಜಿಗಳೇ. ಕೊನೆಗೆ ಅವರು ಹೇಳಿದಂತೆ ಏಳು ಪರ್ಸೆಂಟಿನ ಸರಳನ್ನೇ ಕುಲುಮೆಯ ಪರೀಕ್ಷೆಗೆ ಏರಿಸಿ ತನ್ನೂರು ರಾಯದುರ್ಗಕ್ಕೆ ಹೊರಟಳು.

ಮನೆಯಲ್ಲಿ ಜೀನ್ಸ್ ಹೊಲಿಯುತ್ತಿದ್ದ ತಾಯಿ ಚೌಡೇಶ್ವರಿ ಮಗಳ ಫೋನಿನಲ್ಲಿದ್ದ ಸೂಕ್ಷ್ಮದರ್ಶಕದ ಚಿತ್ರ ನೋಡಿ ಮುಖ ಸಿಂಡರಿಸಿದಳು.

"ಯಾರವ್ವ, ಬಟ್ಟಿಯಾಗ ಇಷ್ಟು ಸೂಜಿ ಮುರದು ಬಿಟ್ಟೋರು? ಅವರನ್ನ ಮಷಿನ್ ಮ್ಯಾಲೆ ಕೂಡಿಸಬ್ಯಾಡ್ರಿ."

ಹಾಗೆ ಕೂಡಿಸದಿರುವುದು ತನ್ನ ಕೈಯಲ್ಲಿಲ್ಲ ಎಂದಳು ಮಗಳು.

ಎರಡು ದಿನದ ಮೇಲೆ ಮಡಕಶಿರಾದಲ್ಲಿ ರಘುನಾಥರು ಓದಿದ ಶಾಲೆಯವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪ್ರಸನ್ನಲಕ್ಷ್ಮಿಯೂ ಬರಲೇಬೇಕೆಂದು ಅಪ್ಪಣೆಯಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಅವರು ಏಳು ಪರ್ಸೆಂಟಿನ ಮಹಿಮೆ ಹೇಳುತ್ತಿದ್ದಾಗ ಲ್ಯಾಬಿನ ಓಬುಲೇಶ್ ಅವಳಿಗೆ ಫೋನ್ ಮಾಡಿದ. ಅವಳು ಒಂದು ಚೀಟಿ ಬರೆದು ವೇದಿಕೆಗೆ ಕಳಿಸಿದಳು. ಅದು ಯಾರದೋ ಅಭಿನಂದನೆ ಇರಬೇಕೆಂದುಕೊಂಡು ಅವರು ಮೈಕಿನಲ್ಲೇ ಓದಿಬಿಟ್ಟರು: "ನಿಮ್ಮ ಸರಳು ನಲವತ್ತೊಂದು ತಾಸಿಗೆ ತುಂಡಾಗಿದೆ."

ಅದೇ ಸಾಧನೆ ಎಂದು ತಿಳಿದು ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಪೇಟದ ಕೆಳಗೆ ರಘುನಾಥರ ಮುಖ ಮಾತ್ರ ಹಿಂಡಿದ ನಿಂಬೆಹಣ್ಣಿನಂತಾಯಿತು. ನಗು ತಡೆಯಲು ಪ್ರಸನ್ನಲಕ್ಷ್ಮಿ ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಬಗ್ಗಿದಳು.

ವಾಪಸು ಬರುವಾಗ ಅವರ ಕಾರು ಪೆನುಕೊಂಡ ದಾಟಿತು. ಆಗ ರಘುನಾಥರು ಆ ಸೂಜಿಗಳ ಚಿತ್ರ ತೋರಿಸು ಎಂದರು. ಬಹಳ ಹೊತ್ತು ನೋಡಿದರು.

"ಎಷ್ಟ್ ಹಾಕಾಣ ಅಂತೀಯಮ್ಮ?"

"ಮೂರು ಸಾಕ್ರಿ ಸರ್. ಜೋಡಿಗೆ ಒಂಚೂರು ರುಥೇನಿಯಂ ಹಾಕಿದ್ರ ಸೂಜಿ ಹುಟ್ಟಂಗಿಲ್ಲ."

"ನಾನೂ ಅದೇ ಹೇಳ್ತಿದ್ನಲ್ಲ" ಎಂದರು ರಘುನಾಥರು.

ಹೊಸ ಸರಳು ಇನ್ನೂರ ಅರವತ್ತು ತಾಸು ನಿಂತಿತು. ತಮಗೆ ಈ ಯೋಚನೆ ಹೇಗೆ ಹೊಳೆಯಿತೆಂದು ವಿವರಿಸುತ್ತಾ ರಘುನಾಥರು ಲ್ಯಾಬಿಗೆಲ್ಲ ಮೈಸೂರುಪಾಕು ಹಂಚಿದರು. ಪ್ರಸನ್ನಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಆದರೂ ಎರಡು ತಿಂದಳು.