ವಿರೂಪಣ್ಣನ ಹೆಸರಿನ ಸಿಗಡಿ

ಮದರಾಸಿನ ಮೇಲೆ ಜಪಾನಿನವರ ಬಾಂಬು ಬೀಳುತ್ತದೆಂಬ ಹೆದರಿಕೆ ಹಬ್ಬಿದ ವರ್ಷ, ಅಲ್ಲಿ ಪ್ರಾಣಿಶಾಸ್ತ್ರದ ಕೆಲಸದಲ್ಲಿದ್ದ ವಾದಿರಾಜ ತನ್ನ ಸೀಸೆಗಳನ್ನು ರೈಲಿಗೇರಿಸಿಕೊಂಡು ರಾಯಚೂರಿಗೆ ಬಂದ. ಸೀಸೆಗಳ ತುಂಬ ಸಿಗಡಿಯ ಬಳಗದ, ಜೀರಿಗೆ ಕಾಳಿನಷ್ಟಿದ್ದ ಜೀವಿಗಳು. ಬೆಳಕು ತಾಕದ ಸಮುದ್ರದ ತಳದಿಂದ ಬಲೆಯಲ್ಲಿ ಎತ್ತಿದವು. ಸ್ಪಿರಿಟ್ಟಿನಲ್ಲಿ ನೆನೆದ ಹುಳಗಳಿಗೆ ಮಡಿಯ ಮನೆಯೊಳಗೆ ಜಾಗವಿಲ್ಲವೆಂದು ಅಕ್ಕ ತುಂಗಾಬಾಯಿ ಖಡಾಖಂಡಿತವಾಗಿ ಹೇಳಿದ್ದರಿಂದ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಹೂಡಿ ಕುಳಿತ.

ಅವನ ಕಣ್ಣಿಗೆ ಯಾರೂ ಹಿಡಿಸುತ್ತಿರಲಿಲ್ಲ. ಜೊತೆಗೇ ಓದಿ, ಈಗ ಹೈದರಾಬಾದಿನಲ್ಲಿ ಪಾಠ ಹೇಳುತ್ತಿದ್ದ ದೇವದುರ್ಗದ ಶೇಷಗಿರಿಯಂತೂ ಕಾಲ ಕೆಳಗಿನ ಕಸ. ಕಾಲೊಂದು ಮುರಿದಿದ್ದರೆ ಅದನ್ನೇ ಹೊಸ ಪ್ರಭೇದವೆಂದು ಅಚ್ಚು ಹಾಕಿಸುವ ಆಸಾಮಿ! ದಪ್ಪ ಇಕ್ಕಳಗಾಲಿನ ಒಂದು ಜೀವಿಗೆ ಮಾನ್ವಿಯ ಹತ್ತಿ ಸಾಹುಕಾರ ವಿರೂಪಣ್ಣನ ಹೆಸರಿಟ್ಟಿದ್ದ. ಮರುವರ್ಷ ಸಣ್ಣ ಇಕ್ಕಳದ ಇನ್ನೊಂದಕ್ಕೆ ತನ್ನ ಮಾವನ ಹೆಸರು. ವಿರೂಪಣ್ಣನೋ, ಸಾರಿಗೆ ಹಾಕಿದ ಉಪ್ಪಿನಾಚೆಗೆ ಸಮುದ್ರವನ್ನೇ ಅರಿಯದವನು.

ಒಂದು ಸೀಸೆಯಲ್ಲಿ ಆ ಎರಡೂ ಜೀವಿಗಳು ವಾದಿರಾಜನಿಗೆ ಒಟ್ಟಿಗೇ ಸಿಕ್ಕವು. ದಪ್ಪ ಇಕ್ಕಳದ್ದು ಸಣ್ಣ ಇಕ್ಕಳದ್ದನ್ನು ತಬ್ಬಿಕೊಂಡೇ ಸತ್ತಿತ್ತು. ತಬ್ಬಿಸಿಕೊಂಡದ್ದರ ಹೊಟ್ಟೆಯಡಿ ಮೊಟ್ಟೆಗಳಿದ್ದವು. ಎರಡು ಪ್ರಭೇದಗಳಲ್ಲ, ಒಂದರದೇ ಗಂಡು ಹೆಣ್ಣು! ವಾದಿರಾಜ ಒಬ್ಬನೇ ನಕ್ಕ. ಶೇಷಗಿರಿಯ ಮಾನ ಹರಾಜು ಹಾಕುವ ಲೇಖನ ಬರೆದ. ಅದೇ ಸೀಸೆಯಲ್ಲಿದ್ದ, ಮೀಸೆಯಲ್ಲಿ ಗೆಣ್ಣು ಕಡಿಮೆಯಿದ್ದ ಮೂರನೆಯದನ್ನು ತನ್ನ ಹೊಸ ಪ್ರಭೇದವೆಂದು ವರ್ಣಿಸಿ ಗುರುಗಳ ಹೆಸರಿಟ್ಟ. ಆಮೇಲೆ, ಊರಿಗೆ ಹೋಗುವಾಗ ರಾಯಚೂರಿನಲ್ಲಿಳಿದು ಹೋಗೆಂದು ಶೇಷಗಿರಿಗೆ ಹೇಳಿ ಕಳಿಸಿದ. ಅವನ ಮುಖ ಕಪ್ಪಿಡುವುದನ್ನು ಎದುರಿಗೇ ನೋಡಬೇಕಿತ್ತು.

ಶೇಷಗಿರಿ ಬಂದ, ನೋಡಿದ. "ಖರೆ ಅದ. ತಪ್ಪು ನಂದ" ಎಂದುಬಿಟ್ಟ. ಇಷ್ಟು ಸಲೀಸಾಗಿ ಸೋಲುವವನ ಮೇಲೆ ವಾದಿರಾಜನ ತಿರಸ್ಕಾರ ಇಮ್ಮಡಿಯಾಯಿತು. ನಿನ್ನ ಹೊಸ ಪ್ರಭೇದವನ್ನೂ ತೋರಿಸೆಂದು ಅವನು ಕೇಳಿದಾಗ ವಾದಿರಾಜ ಜಂಬದಿಂದಲೇ ತೋರಿಸಿದ. ಶೇಷಗಿರಿ ಬಹಳ ಹೊತ್ತು ಮಸೂರದಿಂದ ಕಣ್ಣು ತೆಗೆಯಲಿಲ್ಲ.

"ವಾದಿರಾಜಾ, ಚಿಪ್ಪಿನ ಒಳಗ ನೋಡು."

ವಾದಿರಾಜ ಬಗ್ಗಿದ. ಅದು ಪೊರೆ ಬಿಡಲು ಹೊರಟಿದ್ದ ಜೀವಿ. ಹಳೆಯ ತೆಳು ಚಿಪ್ಪಿನೊಳಗೆ ಮಡಚಿಕೊಂಡಿತ್ತು ಹೊಸ ಇಕ್ಕಳಗಾಲು, ಅದೇ ದಪ್ಪನೆಯದು.

"ಇದು ಇನ್ನೂ ಮರಿ ಅದ. ಬೆಳದಮ್ಯಾಲೆ ಇದೂ ವಿರೂಪಣ್ಣನ ಆಗ್ತದ."

ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ಕಟ್ಟಳೆ. ಹೆಸರುಗಳ ಪಟ್ಟಿಯಿಂದ ಶೇಷಗಿರಿಯ ಮಾವ ಹೋದ, ವಾದಿರಾಜನ ಗುರುಗಳೂ ಹೋದರು.

"ಹತ್ತಿ ಸಾಹುಕಾರನ ಹೆಸರೊಂದು ಉಳೀತು ನೋಡು" ಎಂದ ವಾದಿರಾಜ, ಹಲ್ಲು ಕಚ್ಚಿ.

ಶೇಷಗಿರಿ ತುಂಗಾಬಾಯಿ ಕೊಟ್ಟ ಅವಲಕ್ಕಿ ತಿಂದು, ಅವರಿಗೆ ನಮಸ್ಕರಿಸಿ ದೇವದುರ್ಗದ ಮೋಟಾರು ಹತ್ತಿದ. ಎಂಥಾ ಸಂಭಾವಿತ ಎಂದು ಅಕ್ಕ ಹೊಗಳಿದ್ದು ವಾದಿರಾಜನಿಗೆ ಗಾಯಕ್ಕೆ ಖಾರ ಹಚ್ಚಿದಂತಾಯಿತು.

ಆ ಮರಿಯನ್ನು ಅವನೂ ವಾರಗಟ್ಟಲೆ ನೋಡಿದ್ದ. ಆದರೆ ಶೇಷಗಿರಿಯ ತಪ್ಪು ಬಿಟ್ಟು ಬೇರೇನನ್ನೂ ಹುಡುಕಿರಲಿಲ್ಲ. ಥೂ ಎಂದುಕೊಂಡ, ಈ ಸಲ ಉಗಿದದ್ದು ತನಗೇ. ಲೇಖನವನ್ನು ತಿದ್ದಿ ಬರೆದು, ಕೊನೆಗೆ ಶೇಷಗಿರಿಗೊಂದು ಕೃತಜ್ಞತೆ ಸೇರಿಸಿದ, ಎಷ್ಟು ಚಿಕ್ಕದಾಗಿ ಬರೆಯಬಹುದೋ ಅಷ್ಟು ಚಿಕ್ಕದಾಗಿ.