ಮೂರನೇ ಸಲದ 'ಬರ್ತೇನಿ'

ನಮ್ಮ ಬ್ಯಾಂಡಿನ ಹೆಸರು 'ಹಿಟ್ಟು'. ಅಫಜಲಪುರದಲ್ಲಿ ಗುರುಶಾಂತನ ಕಾಕಾನ ಹಿಟ್ಟಿನ ಗಿರಣಿ ಭಾನುವಾರ ಬಂದ್ ಇರುತ್ತದೆ, ನಮ್ಮ ಪ್ರಾಕ್ಟೀಸು ಅಲ್ಲೇ. ಡ್ರಮ್ಸ್ ಗುರುಶಾಂತ, ಗಿಟಾರ್ ನಾನು, ಹಾಡು ಬರೆಯುವುದು, ಹಾಡುವುದು ಎರಡೂ ಮೈತ್ರಿ. ಸ್ಪೀಕರಿನೊಳಗೆ ಜೋಳದ ಹಿಟ್ಟು ಹೊಕ್ಕು ಗಿಟಾರ್ ಗೊರಗೊರ ಅನ್ನುತ್ತಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಹಾಗೇ ಬಿಡು, ಅಳು ನುಂಗಿದವನ ದನಿ ಇದ್ದಂಗಿದೆ ಎಂದಳು ಮೈತ್ರಿ. ಆ ದನಿ ಕೇಳಿಯೇ ಅವಳು ಹಾಡು ಬರೆದದ್ದು:

ಸೀಟಿನ ಮ್ಯಾಲ ನಿನ್ನ ದಸ್ತಿ ಅದ,
ಎದ್ದು ಹೋಗಬ್ಯಾಡ, ಬರ್ತೇನಿ,
ಬರ್ತೇನಿ, ಬರ್ತೇನಿ.

ಆ ದಸ್ತಿ ನನ್ನದು. ಕಾಲೇಜಿಗೆ ಹೋಗುವಾಗ ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯೊಳಗೆ ಕರವಸ್ತ್ರ ಒಗೆದು ಅವಳಿಗೆ ಸೀಟು ಹಿಡಿಯುತ್ತಿದ್ದೆ. ಮೂರು ವರ್ಷ ಹಿಡಿದೆ.

ಎರಡೂ ಮನೆಯವರು ಒಪ್ಪಿದ್ದರು. ನಮ್ಮವ್ವ ರಮಾಬಾಯಿ ನಮ್ಮ ಬೌದ್ಧರ ಪದ್ಧತಿಯಂತೆ ಮದುವೆಗೆಂದು ಬಿಳಿ ಸೀರೆ ತಂದು, ಬ್ಲೌಸಿನ ಅಳತೆಗಾಗಿ ಮೈತ್ರಿಯ ದಾರಿ ನೋಡುತ್ತ ಮಂಚದ ಮೇಲೇ ಇಟ್ಟಿದ್ದಳು. ಆದರೆ ಜೇವರ್ಗಿಯಲ್ಲಿ ನರ್ಸ್ ಕೆಲಸ ಸಿಕ್ಕ ಮೇಲೆ ಮೈತ್ರಿಯ ಫೋನ್ ಕಡಿಮೆಯಾಯಿತು. ಕೇಳಿದರೆ ಡ್ಯೂಟಿ ಅನ್ನುತ್ತಿದ್ದಳು. ರೆಕಾರ್ಡಿಂಗಿಗೆ ಮಾತ್ರ ಬಂದಳು. ಮದುವೆ ಯಾವ ತಿಂಗಳು ಅಂತ ಅವತ್ತು ಕೇಳಿಬಿಡಬೇಕು ಎಂದುಕೊಂಡಿದ್ದೆ.

ಮೊದಲನೇ 'ಬರ್ತೇನಿ' ಚೆನ್ನಾಗಿ ಬಂತು, ಎರಡನೆಯದು ಇನ್ನೂ ಚೆನ್ನಾಗಿ. ಮೂರನೆಯದಕ್ಕೆ ಅವಳು ಮೆಲ್ಲಗೆ 'ಹೋಗ್ತೇನಿ' ಎಂದು ಹಾಡಿದಳು.

ಗುರುಶಾಂತ ಡ್ರಮ್ಸ್ ನಿಲ್ಲಿಸಿದ. "ತಪ್ಪಾತು ನೋಡ್ ಬೇ. ಹೊಂಟೋರು ಯಾರರೆ ಹೋಗ್ತೇನಿ ಅಂತಾರೇನ? ನಮ್ಮವ್ವ ಕೇಳಿದ್ರ ಬಾಯಿಮ್ಯಾಲ ಹೊಡೀತಾಳ."

"ತಪ್ಪಾಗಿಲ್ಲೋ ಗುರ್ಯಾ," ಎಂದಳು ಮೈತ್ರಿ.

ಇನ್ನೊಮ್ಮೆ ಹಾಡು ಎಂದೆ ನಾನು. ಅವಳು ನನ್ನ ಕಡೆ ತಿರುಗಿದಳು.

"ಧಮ್ಮಪಾಲ, ನನಗ ಸುಳ್ಳ ಹಾಡಾಕ ಬರಂಗಿಲ್ಲ. ನಡುವ ಯಾರೂ ಇಲ್ಲ. ಮದ್ಲಿನ ಮನಸ್ಸ ಇಲ್ಲ, ಅಷ್ಟ."

ಯಾರಾದರೂ ಇದ್ದಿದ್ದರೆ ಅವನ ಜೊತೆ ಜಗಳಕ್ಕಾದರೂ ಹೋಗಬಹುದಿತ್ತು. ಗುರುಶಾಂತ ತಲೆ ಬಗ್ಗಿಸಿ ಡ್ರಮ್ಮಿನ ಮೇಲಿನ ಹಿಟ್ಟು ಒರೆಸತೊಡಗಿದ. ಅಲ್ಲಿ ಹಿಟ್ಟೇ ಇರಲಿಲ್ಲ. ಮೈತ್ರಿ ನೀರು ಕುಡಿದಳು, ಚಪ್ಪಲಿ ಮೆಟ್ಟಿದಳು, ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಹೊರಡುವಾಗ ಎಲ್ಲರೂ ಹೇಳುವ ಮಾತನ್ನು ಹೇಳಲಿಲ್ಲ.

ಆಮೇಲೆ ಗುರುಶಾಂತನೇ ಉಪಾಯ ಹೇಳಿದ. ಎರಡನೇ 'ಬರ್ತೇನಿ'ಯನ್ನು ಕಾಪಿ ಮಾಡಿ ಮೂರನೆಯದರ ಜಾಗದಲ್ಲಿ ಅಂಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲವಂತೆ. ಮನೆಯಲ್ಲಿ ಕೂತು ಅಂಟಿಸಿದೆ. ನಿಜ, ಗೊತ್ತೇ ಆಗಲಿಲ್ಲ. ಹತ್ತು ಸಲ ಹಾಡು ಹಚ್ಚಿ ಕೇಳಿದೆ, ಹತ್ತು ಸಲವೂ ಬರ್ತೇನಿ ಎಂದಳು. ಹನ್ನೊಂದನೇ ಸಲಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದಳು. ಅವಳಿಗೆ ನಾನಿನ್ನೂ ಏನೂ ಹೇಳಿರಲಿಲ್ಲ.

"ಛಲೋ ಹಾಡ್ಯಾಳ," ಎಂದಳು. "ಯಾವಾಗ ಬರ್ತಾಳಂತ?"

ನಾನು ಅಂಟಿಸಿದ್ದನ್ನು ತೆಗೆದು, ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದೆ. ಅವ್ವ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ಮೂರನೆಯದು ಬಂದಾಗ ನನ್ನ ಮುಖ ನೋಡಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಂಚದ ಮೇಲಿನ ಬಿಳಿ ಸೀರೆ ಎತ್ತಿಕೊಂಡು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಮುಚ್ಚಿದ ಸದ್ದಾಯಿತು. ಹಾಡಿನ ಕೊನೆಗೆ ಗಿಟಾರ್ ಇನ್ನೂ ಗೊರಗೊರ ಅನ್ನುತ್ತಿತ್ತು.